ಗುಮ್ಕಿ ಕೇಳಿಸದ ಕಾರು

ಹೊಸ ಸ್ಪೀಕರ್ ಹಾಕಿಸಿಕೊಂಡು ಬಂದ ದಿನ ಸಂಜೆ ಅಪ್ಪನನ್ನು ಕೂರಿಸಿಕೊಂಡು ಹನುಮಂತನಗರದಲ್ಲೇ ಒಂದು ಸುತ್ತು ಹೋದೆ. ಅವರ ಪೆನ್‌ಡ್ರೈವ್‌ನಲ್ಲಿದ್ದ ಹಳೆಯ ಕಛೇರಿಯೊಂದನ್ನು ಹಾಕಿದ್ದೆ. ಕ್ಯಾಸೆಟ್‌ನಿಂದ ಇಳಿಸಿಕೊಂಡ ಮೋನೋ ರೆಕಾರ್ಡಿಂಗ್. ರಾಮಾಂಜನೇಯ ಗುಡ್ಡದ ಹತ್ತಿರ ಬರುವ ಹೊತ್ತಿಗೆ ಅಪ್ಪ ಕೇಳಿದರು, "ಪುಟ್ಟಿ, ಎಡಗೈ ಎಲ್ಲಿ ಹೋಯ್ತು?"

ಮೃದಂಗದ ಎಡಗೈ. ಅಪ್ಪ ಬ್ಯಾಂಕ್ ಕೆಲಸದ ಜೊತೆ ಹದಿನೈದು ವರ್ಷ ಮೃದಂಗ ಕಲಿತವರು. ನುಡಿಸಲು ಕೂರುವ ಮುಂಚೆ ರವೆ ಕಲಸಿ ಎಡ ಮುಚ್ಚಿಗೆಯ ಚರ್ಮಕ್ಕೆ ಮೆತ್ತುತ್ತಿದ್ದರು. ಆ ರವೆಯ ಭಾರದಿಂದಲೇ ಎಡಗಡೆಗೆ ತಗ್ಗು ದನಿ ಬರುವುದು. ಅಂಗೈಯ ಬುಡವನ್ನು ಒತ್ತಿ ಸರಿಸಿದಾಗ ದನಿ ಕೆಳಗಿನಿಂದ ಉಬ್ಬಿ ಬರುತ್ತದಲ್ಲ, ಅದು ಗುಮ್ಕಿ. ಕಾರಿನಲ್ಲಿ ಬಲಗೈಯ ಟಕಾರಗಳೆಲ್ಲ ಕನ್ನಡಿಯಷ್ಟು ಸ್ಪಷ್ಟವಾಗಿದ್ದವು, ಗಾಯಕರು ಉಸಿರೆಳೆದುಕೊಳ್ಳುವುದೂ ಕೇಳಿಸುತ್ತಿತ್ತು. ಗುಮ್ಕಿ ಮಾತ್ರ ಇರಲೇ ಇಲ್ಲ.

ನನ್ನದು ಏಳು ವರ್ಷದ ಹ್ಯಾಚ್‌ಬ್ಯಾಕ್. ಬೆಳ್ಳಂದೂರಿನ ಆಫೀಸಿಗೆ ಸಿಲ್ಕ್ ಬೋರ್ಡ್ ದಾಟಿ ಹೋಗಿ ಬರಬೇಕು. ದಿನಕ್ಕೆ ಎರಡೂವರೆ ಗಂಟೆ ಒಳಗೇ ಇರುತ್ತೇನೆ. ನನಗೆ ಸಂಗೀತಕ್ಕೆ ಸಿಗುವ ಹೊತ್ತು ಅದೊಂದೇ. ಕಂಪನಿಯಿಂದ ಬಂದಿದ್ದ ಮುಂದಿನ ಸ್ಪೀಕರ್‌ಗಳ ಕಾಗದದ ಕೋನ್ ಒಂದರಲ್ಲಿ ಬಿರುಕು ಬಿಟ್ಟು ಕರಕರ ಅನ್ನತೊಡಗಿದ ಮೇಲೆ, ಒಂದು ಶನಿವಾರ ಬೆಳಿಗ್ಗೆ ಜೆ.ಸಿ. ರಸ್ತೆಗೆ ಹೋದೆ. ಮಿನರ್ವ ಸರ್ಕಲ್‌ನಿಂದ ಟೌನ್‌ಹಾಲ್ ಕಡೆಯವರೆಗೆ ಸೀಟ್ ಕವರ್, ಹಾರ್ನ್, ಸ್ಟೀರಿಯೋ ಮಾರುವ ಅಂಗಡಿಗಳು ಒತ್ತೊತ್ತಾಗಿವೆ. ಕಾರು ನಿಲ್ಲಿಸಲು ಜಾಗ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಆರೂವರೆ ಇಂಚಿನ ಕಂಪೋನೆಂಟ್ ಸೆಟ್ ತೆಗೆದುಕೊಂಡೆ, 6,500 ರೂಪಾಯಿ. ಅದರಲ್ಲಿ ಮೇಲಿನ ದನಿಗಳ ಪುಟ್ಟ ಟ್ವೀಟರ್ ಬೇರೆ, ದೊಡ್ಡ ಸ್ಪೀಕರ್ ಬೇರೆ, ನಡುವೆ ದನಿ ಹಂಚುವ ಸಣ್ಣ ಕ್ರಾಸ್‌ಓವರ್ ಡಬ್ಬಿ. ಒಂದೇ ಚೌಕಟ್ಟಿನೊಳಗೆ ಟ್ವೀಟರ್ ಕೂರಿಸಿದ ಕೋ-ಆಕ್ಸಿಯಲ್ ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಬಾಗಿಲಿನ ಸ್ಪೀಕರ್ ಇರುವುದು ಮೊಣಕಾಲಿನ ಹತ್ತಿರ. ಟ್ವೀಟರ್ ಕನ್ನಡಿಯ ಮೂಲೆಗೆ ಬಂದರೆ ಹಾಡುವವರು ಎದುರಿಗೆ ಕೂತ ಹಾಗಿರುತ್ತದೆ. ಅದಕ್ಕೆ ಕೊಟ್ಟ ದುಡ್ಡಿನ ಬಗ್ಗೆ ನನಗೆ ಇವತ್ತಿಗೂ ಬೇಸರವಿಲ್ಲ.

ಹಾಕಿ ಮುಗಿಸಿ ಹಾಡು ಹಚ್ಚಿದಾಗ ತಗ್ಗು ದನಿ ತೆಳ್ಳಗಿದೆ ಅಂತ ನನಗೂ ಅನ್ನಿಸಿತ್ತು. ಅಂಗಡಿಯವರು, "ಮೇಡಂ, ಆಂಪ್ ಇಲ್ದೆ ಬೇಸ್ ಬರಲ್ಲ. ಫೋರ್ ಚಾನೆಲ್ ಹಾಕ್ಸಿಬಿಡಿ, ವೈರಿಂಗ್ ಸೇರಿ ಹದಿನಾರೂವರೆ ಸಾವಿರಕ್ಕೆ ಮಾಡ್ಕೊಡ್ತೀನಿ" ಅಂದರು. ಆಂಪ್ ಅಂದರೆ ಸ್ಟೀರಿಯೋದ ದನಿಗೆ ಇನ್ನಷ್ಟು ಶಕ್ತಿ ಕೊಡುವ ಆಂಪ್ಲಿಫೈಯರ್. ಯೋಚನೆ ಮಾಡಿ ಹೇಳ್ತೀನಿ ಅಂದು ಬಂದಿದ್ದೆ.

ಅಪ್ಪ ಬಾಗಿಲಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. "ಬರೀ ಈ ಕಡೆದು ಹಾಕು ನೋಡೋಣ" ಅಂದರು. ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ತಿರುಗಿಸಿದೆ. ಗುಮ್ಕಿ ಬಂತು! ಪೂರ್ತಿ ಬಲಕ್ಕೆ ತಿರುಗಿಸಿದರೆ ಅಲ್ಲೂ ಇತ್ತು. ನಡುವಿಗೆ ತಂದರೆ ಮಾಯ. ಮೂರು ಸಲ ಹಾಗೇ ಮಾಡಿದೆವು, ಮೂರು ಸಲವೂ ಅದೇ.

ರಾತ್ರಿ ಕೂತು ಓದಿದಾಗ ಕಾರಣ ಗೊತ್ತಾಯಿತು. ಒಂದು ಸ್ಪೀಕರ್‌ನ ಪ್ಲಸ್ ಮೈನಸ್ ಅದಲುಬದಲಾದರೆ ಒಂದು ಕೋನ್ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದುಕೊಳ್ಳುತ್ತದೆ. 100 ಹರ್ಟ್ಸ್ ದನಿಯ ಅಲೆ ಸುಮಾರು 3.4 ಮೀಟರ್ ಉದ್ದ, ಕಾರಿನ ಅಗಲಕ್ಕಿಂತ ಎಷ್ಟೋ ದೊಡ್ಡದು; ಅಂಥ ಅಲೆಗಳು ಎದುರುಬದುರಾಗಿ ಸೇರಿ ಒಂದನ್ನೊಂದು ಅಳಿಸಿಬಿಡುತ್ತವೆ. ಟಕಾರದಂಥ ಮೇಲಿನ ದನಿಗಳ ಅಲೆ ಚಿಕ್ಕದು, ಅವು ಹಾಗೆ ಪೂರ್ತಿ ಅಳಿಯುವುದಿಲ್ಲ. ಎಡಬಲ ಎರಡರಲ್ಲೂ ಒಂದೇ ದನಿ ಇರುವ ಮೋನೋ ರೆಕಾರ್ಡಿಂಗ್‌ನಲ್ಲಿ ಈ ದೋಷ ಇನ್ನೂ ಜೋರಾಗಿ ಬಯಲಾಗುತ್ತದೆ. ನನಗೆ ಕೇಳಿಸಿದ್ದು "ಬೇಸ್ ಕಡಿಮೆ" ಅಂತ ಮಾತ್ರ. ಅಪ್ಪನಿಗೆ ಒಂದು ಕೈಯೇ ಕಾಣೆಯಾಗಿದ್ದು ಕೇಳಿಸಿತ್ತು. ನಾನು ಆ ದಿನವೇ ಆಂಪ್‌ಗೆ ಹೂಂ ಅಂದಿದ್ದರೆ, ತಪ್ಪು ವೈರು ಹಾಗೇ ಇದ್ದು, ಕಾಣೆಯಾದ ಗುಮ್ಕಿ ಕಾಣೆಯಾಗಿಯೇ ಉಳಿದು, ಮಿಕ್ಕಿದ್ದೆಲ್ಲ ಜೋರಾಗುತ್ತಿತ್ತು, ಅಷ್ಟೆ.

ಮುಂದಿನ ಶನಿವಾರ ಅಪ್ಪನೂ ಬಂದರು. ಅಂಗಡಿಯವರು ಮೊದಲು ಒಪ್ಪಲಿಲ್ಲ. ಆದರೆ ಒಳಗಿದ್ದ ವಯಸ್ಸಾದ ಕೆಲಸಗಾರರೊಬ್ಬರು ಬ್ಯಾಲೆನ್ಸ್ ತಿರುಗಿಸಿ ಕೇಳಿ, ಮಾತಾಡದೆ ಎಡ ಬಾಗಿಲಿನ ಪ್ಯಾಡ್ ಬಿಚ್ಚಿದರು. ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್ ಒಂದನ್ನು ತಂದು ಕಾರಿನ ವೈರಿನ ಎರಡು ತುದಿಗೆ, ಪ್ಲಸ್‌ಗೆ ಪ್ಲಸ್ ಬರುವ ಹಾಗೆ, ಕ್ಷಣ ಮುಟ್ಟಿಸಿದರು. ಜೋಡಣೆ ಸರಿಯಾಗಿದ್ದರೆ ಕೋನ್ ಹೊರಕ್ಕೆ ಉಬ್ಬಬೇಕು. ಅದು ಒಳಕ್ಕೆ ಹೋಯಿತು. ಸ್ಪೀಕರ್‌ನ ಎರಡು ತಗಡು ಕಡ್ಡಿಗಳಲ್ಲಿ ಅಗಲವಾದದ್ದು ಪ್ಲಸ್, ಸಣ್ಣದು ಮೈನಸ್. ಕಂಪನಿಯ ಸಾಕೆಟ್ ಕತ್ತರಿಸಿ ನೇರವಾಗಿ ವೈರು ಸೇರಿಸುವಾಗ ಬಣ್ಣ ಗುರುತಿಸುವುದರಲ್ಲಿ ಹುಡುಗ ಎಡವಿದ್ದ. "ನಮ್ದೇ ತಪ್ಪು ಮೇಡಂ" ಅಂದು ಐದು ನಿಮಿಷದಲ್ಲಿ ತಿರುಗಿಸಿ ಹಾಕಿದರು.

ಮತ್ತೆ ಅದೇ ಕಛೇರಿ ಹಾಕಿದಾಗ ಅಪ್ಪನ ಎಡಗೈ ತೊಡೆಯ ಮೇಲೆ ತಾನಾಗಿಯೇ ಆಡತೊಡಗಿತು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಲ್ಲಿ ಅವರು ಹೀಗೇ ಕೂರುತ್ತಿದ್ದದ್ದು, ಪಕ್ಕದಲ್ಲಿ ನಾನು ನಿದ್ದೆ ಹೋಗುತ್ತಿದ್ದದ್ದು. ಆದರೆ ಅವರು ಇನ್ನೂ ಪೂರ್ತಿ ಒಪ್ಪಿರಲಿಲ್ಲ. ಬಾಗಿಲಿನ ಮೇಲೆ ಅಂಗೈ ಇಟ್ಟು, "ಚರ್ಮದ ಜೊತೆ ತಗಡೂ ಮಾತಾಡ್ತಿದೆ ನೋಡು" ಅಂದರು. ಮುಟ್ಟಿ ನೋಡಿದೆ. ಪ್ರತಿ ಗುಮ್ಕಿಗೂ ಬಾಗಿಲಿನ ತಗಡು ಸಣ್ಣಗೆ ಝೇಂಕರಿಸುತ್ತಿತ್ತು.

ಅದಕ್ಕೆ ಮದ್ದು ಡ್ಯಾಂಪಿಂಗ್ ಶೀಟ್: ಬ್ಯುಟೈಲ್ ರಬ್ಬರಿನ ಅಂಟು, ಮೇಲೆ ಅಲ್ಯೂಮಿನಿಯಂ ಹಾಳೆ. ಬಾಗಿಲಿನ ಒಳಗಿನ ತಗಡನ್ನು ಒರೆಸಿ, ಶೀಟ್ ಅಂಟಿಸಿ, ಗುಳ್ಳೆ ಉಳಿಯದ ಹಾಗೆ ರೋಲರ್‌ನಿಂದ ಉಜ್ಜುತ್ತಾರೆ. ಬಾಗಿಲಿನಲ್ಲಿರುವ ತೂತುಗಳು ಮುಚ್ಚಿದರೆ ಕೋನಿನ ಹಿಂದಿನ ದನಿ ಮುಂದಿನ ದನಿಯನ್ನು ಬಂದು ಕೆಡಿಸುವುದೂ ತಪ್ಪುತ್ತದೆ. ಮಳೆನೀರು ಇಳಿದು ಹೋಗುವ ಕೆಳಗಿನ ಕಿಂಡಿಗಳನ್ನು ಮಾತ್ರ ಮುಚ್ಚಬಾರದು. ಆ ಹಿರಿಯರು ಅದನ್ನು ಎರಡು ಸಲ ಬಗ್ಗಿ ನೋಡಿಕೊಂಡರು. ಎರಡು ಬಾಗಿಲಿಗೆ 4,000 ಆಯಿತು. ಬಾಗಿಲು ಹಾಕುವಾಗ ಬರುವ ಸದ್ದೇ ಬೇರೆಯಾಯಿತು, ಡಬ್ಬ ಅನ್ನುತ್ತಿದ್ದದ್ದು ಈಗ ದಪ್ ಅನ್ನುತ್ತದೆ.

ಇನ್ನು ಆಂಪ್. ನನ್ನ ಸ್ಟೀರಿಯೋದ ಡಬ್ಬಿಯ ಮೇಲೆ ನಾಲ್ಕು ಚಾನೆಲ್‌ಗೂ 50 ವ್ಯಾಟ್ ಅಂತ ದೊಡ್ಡದಾಗಿ ಬರೆದಿದೆ. ಅದು ಪೀಕ್ ಲೆಕ್ಕ, ಅಂದರೆ ಕ್ಷಣಮಾತ್ರದ ಗರಿಷ್ಠ. ಎಂಜಿನ್ ಓಡುವಾಗ ಸಿಗುವುದು 14.4 ವೋಲ್ಟ್, ಸ್ಪೀಕರ್ 4 ಓಮ್. ವೋಲ್ಟೇಜ್ ಏರಿಸುವ ವ್ಯವಸ್ಥೆ ಒಳಗಿಲ್ಲದಿದ್ದರೆ ಒಂದು ಚಾನೆಲ್‌ನಿಂದ 26 ವ್ಯಾಟ್‌ಗಿಂತ ಹೆಚ್ಚು ಒಡೆಯದ ದನಿ ಹೊರಡಲಾರದು. ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿ ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲದ್ದು, 22 ವ್ಯಾಟ್ ಅಂತ ಇತ್ತು. ನನ್ನ ಸ್ಪೀಕರ್‌ಗೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 91 ಡೆಸಿಬೆಲ್. ವ್ಯಾಟ್ ದುಪ್ಪಟ್ಟಾದಾಗಲೆಲ್ಲ ಮೂರು ಡೆಸಿಬೆಲ್ ಸೇರುತ್ತದೆ. 16 ವ್ಯಾಟ್‌ಗೆ 103. ನಾಲ್ಕು ಪಟ್ಟು ಶಕ್ತಿಯ ಆಂಪ್ ತಂದರೂ ಮೇಲೆ ಸಿಗುವುದು ಆರು ಡೆಸಿಬೆಲ್, ಕಿವಿಗೆ ದುಪ್ಪಟ್ಟು ಜೋರು ಅನ್ನಿಸಲು ಸುಮಾರು ಹತ್ತು ಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಗಾಜು ಏರಿಸಿಕೊಂಡು ಕೂತವಳಿಗೆ 103 ಡೆಸಿಬೆಲ್ ಬೇಕಾಗುವುದೇ ಇಲ್ಲ.

ಆಂಪ್ ಕೊಡುವುದು ಜೋರು ಒಂದನ್ನೇ ಅಲ್ಲ ಅನ್ನುವುದೂ ನಿಜ. ಎಡಗೈಯ ಒಂದು ಜೋರು ಏಟಿಗೆ ಆ ಕ್ಷಣಕ್ಕೆ ಬೇಕಾದ ಶಕ್ತಿ ಸಿಗದಿದ್ದರೆ ದನಿಯ ತುದಿ ಕತ್ತರಿಸಿದ ಹಾಗಾಗುತ್ತದೆ, ಹಾಗೇ ಜೋರು ಮಾಡುತ್ತಾ ಹೋದರೆ ಟ್ವೀಟರ್ ಸುಟ್ಟೂ ಹೋಗಬಹುದು. ಅದನ್ನು ಕೇಳಿ ನೋಡಲೆಂದೇ ಒಂದು ಭಾನುವಾರ ತುಮಕೂರು ರಸ್ತೆಗೆ ಹೋದೆವು. ನೆಲಮಂಗಲ ದಾಟಿದ ಮೇಲೆ ಟೈರಿನ ಸದ್ದು ಏರಿತು, ಅದೇ ಗುಮ್ಕಿಗೆ ವಾಲ್ಯೂಮ್ 24 ಬೇಕಾಯಿತು. 30ಕ್ಕೆ ಏರಿಸಿದಾಗ ಗಾಯಕರ ತಾರಸ್ಥಾಯಿ ಒರಟಾಯಿತು. ಅಪ್ಪ ಕೈ ಎತ್ತಿ, "ಸಾಕು, ಇಳಿಸು" ಅಂದರು.

ಹಾಗಾಗಿ ನನ್ನ ಕಾರಿಗೆ ಆಂಪ್ ಬೇಕಾಗುವ ಗೆರೆ 24 ಮತ್ತು 30ರ ನಡುವೆ ಎಲ್ಲೋ ಇದೆ. ವಾರಕ್ಕೆ ಐದು ದಿನ ನಾನು ಇರುವುದು 14ರಲ್ಲಿ. ಹೆದ್ದಾರಿಯಲ್ಲೇ ಓಡಾಡುವವಳಾಗಿದ್ದರೆ ಖಂಡಿತ ಹಾಕಿಸುತ್ತಿದ್ದೆ. ಹಾಕಿಸುವುದಾದರೂ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಬೇಕು, ಅರ್ಥ್ ಕೊಡುವ ಕಡೆ ಬಣ್ಣ ಕೆರೆದು ಬರಿ ತಗಡಿಗೆ ಬಿಗಿಯಬೇಕು. ನನ್ನ ಚಿಕ್ಕಪ್ಪನ ಮಗನ ಕಾರಿನಲ್ಲಿ ಅರ್ಥ್ ಸಡಿಲವಾಗಿ, ಆಕ್ಸಿಲರೇಟರ್ ಒತ್ತಿದಷ್ಟೂ ಕುಂಯ್ ಅನ್ನುವ ಸದ್ದು ಏರುತ್ತಿತ್ತು. ಸರಿಮಾಡಿಸಲು ಎರಡು ತಿಂಗಳು ಅಲೆದ.

ಅಂಗಡಿಗೆ ಫೋನ್ ಮಾಡಿ ಸದ್ಯಕ್ಕೆ ಆಂಪ್ ಬೇಡ ಅಂದೆ. ಆ ಭಾನುವಾರ ಹಿಂತಿರುಗುವ ದಾರಿಯಲ್ಲಿ, ಗೊರಗುಂಟೆಪಾಳ್ಯದ ಜಾಮ್‌ನಲ್ಲಿ ನಿಂತಾಗ, ಅಪ್ಪ ತಾಳವಾದ್ಯಕ್ಕೇ ಮೀಸಲಾದ ತನಿ ಆವರ್ತನವನ್ನು ಮೊದಲಿನಿಂದ ಹಾಕಿಸಿಕೊಂಡರು. ವಾಲ್ಯೂಮ್ 12ರಲ್ಲಿತ್ತು.