ಆರು ತಿಂಗಳ ಮೇಲೆ ಮೊದಲ ಒಗೆತ

ಇವತ್ತು ನನ್ನ ರಾ ಡೆನಿಮ್ (ಬಣ್ಣ ಹಾಕಿದ ಮೇಲೆ ಒಗೆಯದೇ ಮಾರುವ ಡೆನಿಮ್) ಜೀನ್ಸ್‌ಗೆ ಮೊದಲ ಸಲ ನೀರು ತೋರಿಸಿದೆ. ಕೊಂಡು ಆರು ತಿಂಗಳಾಗಿತ್ತು. ಒಳಗಿನದು ಹೊರಗೆ ಮಾಡಿ ಬಕೆಟ್‌ನ ತಣ್ಣೀರಿನಲ್ಲಿ ಅದ್ದಿದ್ದೇ ತಡ, ನೀರೆಲ್ಲ ಕಡುನೀಲಿ.

ಇಂಡಿಗೋ ಬಣ್ಣ ನೂಲಿನ ಹೊರಮೈಗೆ ಮಾತ್ರ ಹತ್ತಿರುತ್ತದೆ, ಒಳಗಿನ ತಿರುಳು ಬಿಳಿಯೇ. ಎಲ್ಲಿ ಮಡಿಸಿ ಉಜ್ಜುತ್ತದೋ ಅಲ್ಲಿ ಆ ಬಿಳಿ ಇಣುಕುತ್ತದೆ. ಪದೇ ಪದೇ ಒಗೆದರೆ ಬಣ್ಣ ಎಲ್ಲ ಕಡೆ ಒಂದೇ ಸಮ ಇಳಿದುಬಿಡುತ್ತದೆ. ತಡೆದು ಒಗೆದರೆ ಗೆರೆಗಳು ಎದ್ದು ಕಾಣುತ್ತವೆ.

ನನ್ನದರಲ್ಲಿ ಮೊಣಕಾಲಿನ ಹಿಂದೆ ಜೇನುಗೂಡಿನಂಥ ಗೆರೆ ಮೂಡಿದೆ. ಬಲ ಜೇಬಿನ ಮೇಲೆ ಫೋನಿನ ನಾಲ್ಕೂ ಅಂಚು. ನಾನು ಕೂತದ್ದು, ನಡೆದದ್ದು ಎಲ್ಲ ಅಲ್ಲೇ ಬರೆದಿಟ್ಟ ಹಾಗಿದೆ, ಅಲ್ವಾ?

ಹಾಗಂತ ವರ್ಷಗಟ್ಟಲೆ ಒಗೆಯದೇ ಇರುವುದು ನನಗೆ ಸರಿ ಕಾಣುವುದಿಲ್ಲ. ಬೆವರು, ಕೊಳೆ ಕೂತು ಹತ್ತಿಯ ನೂಲು ಸೋಲುತ್ತದೆ. ನನ್ನ ಹಿಂದಿನ ಜೀನ್ಸ್ ತೊಡೆಯ ಸಂದಿಯಲ್ಲಿ ಹರಿದದ್ದು ಹಾಗೆಯೇ. ತುಂಬ ಬೇಜಾರಾಗಿತ್ತು. ವಾಸನೆ ಬಂದರೆ, ಕೊಳೆ ಕಂಡರೆ ಒಗೆಯಬೇಕು, ತಿಂಗಳು ಎಣಿಸಬಾರದು.

ಈಗ ನೆರಳಿನಲ್ಲಿ ನೇತುಹಾಕಿದ್ದೇನೆ. ಕಾಲಿನ ತುದಿಯಿಂದ ಇನ್ನೂ ನೀಲಿ ಹನಿ ತೊಟ್ಟಿಕ್ಕುತ್ತಿದೆ.