ಎರಡು ಶೀಟು

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಊರು ಅಂದರೆ ಕೆಜಿಎಫ್. ಚಾಂಪಿಯನ್ ಸ್ಟೇಷನ್‌ನಲ್ಲಿ ಇಳಿದು ನಡೆದರೆ ನಮ್ಮ ಲೈನ್ ಮನೆಗಳು. ರಾತ್ರಿ ಊಟ ಆದಮೇಲೆ ಲ್ಯಾಪ್‌ಟಾಪ್‌ನಲ್ಲಿ 'ಗ್ರಾನ್ ಟೊರಿನೊ' ಹಾಕಿದೆ. 2008ರ ಸಿನಿಮಾ. ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶನ, ಮುಖ್ಯ ಪಾತ್ರವೂ ಅವನದೇ. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಸುಮ್ನೆ ಪಕ್ಕದಲ್ಲಿ ಕೂತರು.

ವಾಲ್ಟ್ ಅನ್ನುವ ಮುದುಕ. ಫೋರ್ಡ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಹೆಂಡತಿ ಈಗಷ್ಟೇ ತೀರಿಕೊಂಡಿದ್ದಾಳೆ. ಇರುವುದು ಡೆಟ್ರಾಯಿಟ್ ನಡುವಿನ ಹೈಲ್ಯಾಂಡ್ ಪಾರ್ಕ್‌ನಲ್ಲಿ. 1913ರಲ್ಲಿ ಫೋರ್ಡ್ ಕಾರುಗಳನ್ನು ಸಾಲಾಗಿ ಜೋಡಿಸುವ ಪದ್ಧತಿ ಶುರುಮಾಡಿದ್ದು ಅಲ್ಲೇ. ಈಗ ಹಳಬರೆಲ್ಲ ಖಾಲಿ. ಬೀದಿ ತುಂಬ ಬಣ್ಣ ಉದುರಿದ ಮನೆಗಳು, ಮೊಣಕಾಲುದ್ದ ಹುಲ್ಲು. ನಡುವೆ ಇವನ ಮನೆ ಮುಂದೆ ಮಾತ್ರ ಕತ್ತರಿಸಿಟ್ಟ ಹಾಗೆ ಹಸಿರು.

ವಾಲ್ಟ್ ಹಠಮಾರಿ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆ ಹುಲ್ಲೇ ಹೇಳುತ್ತದೆ. ಅದೇ ಹುಲ್ಲನ್ನು ಒಳ್ಳೆ ಬಡಾವಣೆಯಲ್ಲಿ ಇಟ್ಟು ನೋಡಿ, ನೀಟಾದ ಮನುಷ್ಯ ಅಂದುಕೊಂಡು ಮುಂದೆ ಹೋಗುತ್ತೇವೆ. ಇಲ್ಲಿ ಅದು ಜಗಳ. ಆಗ್ನೇಯ ಏಷ್ಯಾದಿಂದ ಹೊಸದಾಗಿ ಬಂದ ಹ್ಮಾಂಗ್ ಜನರ ಮೇಲೂ, ಬಿಟ್ಟುಹೋದವರ ಮೇಲೂ.

ಅಪ್ಪ ನೋಡಿದ್ದು ಬೇರೆ. ವಾಲ್ಟ್ ಹುಲ್ಲು ಕತ್ತರಿಸುವ ಗಾಡಿ ತಳ್ಳುತ್ತಿದ್ದಾಗ, "ಬ್ಲೇಡು ಚೆನ್ನಾಗಿ ಸಾಣೆ ಹಿಡಿದಿದ್ದಾನೆ ಕಣೋ, ಸದ್ದು ಕೇಳು" ಅಂದರು.

ಅಪ್ಪ ಗಣಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನಮ್ಮ ಸಾಲಿನ ಎಂಟು ಮನೆಗಳಲ್ಲಿ ಐದಕ್ಕೆ ಬೀಗ. ಒಂದರ ಗೋಡೆಯಲ್ಲಿ ಅರಳಿ ಗಿಡ ಎದ್ದಿದೆ. ನಮ್ಮ ಬಾಗಿಲಿಗೆ ಮಾತ್ರ ಪ್ರತಿ ದೀಪಾವಳಿಗೆ ಹಸಿರು ಬಣ್ಣ. ಒಳಗಿನ ಗೋಡೆಯ ಮೇಲೆ ಪ್ರತಿ ಸ್ಪ್ಯಾನರಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ. ಒಂದು ತೆಗೆದರೆ ಅದರ ಆಕಾರ ಗೋಡೆಯಲ್ಲಿ ಉಳಿಯುತ್ತದೆ. ತೆಗೆದವನು ನಾನೇ ಅಂತ ಸಿಕ್ಕಿಬೀಳುತ್ತಿದ್ದೆ. ಬಾಡಿಗೆಗೆ ಬಂದ ಹುಡುಗರು ಜಗಲಿ ಮೇಲೆ ಕೂತರೆ ಇವತ್ತಿಗೂ ಬೈಗುಳ.

ವಾಲ್ಟ್‌ನ ಗ್ಯಾರೇಜಿನ ಗೋಡೆ ತುಂಬ ಸಲಕರಣೆ ಕಂಡಾಗ ಅಪ್ಪ ಮುಂದಕ್ಕೆ ಬಾಗಿದರು. ಮಾತಾಡಲಿಲ್ಲ.

ಒಂದು ತಕರಾರು ಇದೆ. ವಾಲ್ಟ್‌ನ ಮಕ್ಕಳನ್ನು ತೀರಾ ಕೆಟ್ಟವರ ಥರ ತೋರಿಸಿದ್ದಾರೆ. ಮುದುಕನ ಹುಟ್ಟುಹಬ್ಬಕ್ಕೆ ವೃದ್ಧಾಶ್ರಮದ ಪುಸ್ತಿಕೆ ತಂದುಕೊಡುತ್ತಾರೆ. ಹೋದ ವರ್ಷ ನಾನೂ ಬೆಂಗಳೂರಿನ ಫ್ಲ್ಯಾಟಿನ ಪುಸ್ತಿಕೆ ತಂದಿದ್ದೆ. ಬಹುಶಃ ಅದಕ್ಕೇ ಚುಚ್ಚಿತು. ಅಪ್ಪ ಅದನ್ನು ಅಕ್ಕಿ ಡಬ್ಬದ ಕೆಳಗೆ ಹಾಸಿದ್ದಾರೆ.

ನನಗೆ ಇಷ್ಟವಾದದ್ದು ಎದುರು ಮನೆಯ ಭಾಗ. ತಪ್ಪು ಮಾಡಿದ ಪಕ್ಕದ ಮನೆ ಹುಡುಗ ತಾವೊನನ್ನು ವಾಲ್ಟ್ ಹಾಳುಬಿದ್ದ ಎದುರು ಮನೆ ರಿಪೇರಿಗೆ ಹಚ್ಚುತ್ತಾನೆ. ದಿನಾ ಅದನ್ನು ನೋಡಿ ನೋಡಿ ಸಾಕಾಗಿದೆ ಅಂತ ಅವನ ಕಾರಣ. ಅಕ್ಕಪಕ್ಕದವರ ಮೇಲೆ ಅಕ್ಕರೆ ಅಂತ ಒಪ್ಪಿಕೊಳ್ಳುತ್ತಾನಾ? ಸತ್ತರೂ ಇಲ್ಲ.

ಆ ಭಾಗ ಬರುವಷ್ಟರಲ್ಲಿ ಅಪ್ಪ ನಿದ್ದೆಹೋಗಿದ್ದರು.

ಬೆಳಿಗ್ಗೆ ಜಗಲಿ ಮೇಲೆ ಟೀ ಕುಡಿಯುತ್ತಿದ್ದೆವು. ಬೀಗ ಹಾಕಿದ ಎದುರು ಮನೆ ಕಡೆ ಅಪ್ಪ ಕೈ ತೋರಿಸಿದರು.

"ಎರಡು ಶೀಟು ಬದಲಾಯಿಸಿದ್ರೆ ಸಾಕು ಅದಕ್ಕೆ."

"ಅದು ನಮ್ಮ ಮನೆ ಅಲ್ಲಪ್ಪ."

"ದಿನಾ ನೋಡೋನು ನಾನು ತಾನೇ?"