24 ಸೆಕೆಂಡ್ ಉಳಿದಾಗ ನಾನು ಅಡುಗೆಮನೆಯಲ್ಲಿ

ಆ ಮ್ಯಾಚನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೆ ಪ್ರತಿ ಸಲವೂ ಒಂದೇ ಕಡೆ ಎದ್ದು ಹೋಗುತ್ತೇನೆ. ಮೂರನೇ, ಅಂದರೆ ಕೊನೇ ಪೀರಿಯಡ್ ಮುಗಿಯಲು ಒಂದು ನಿಮಿಷ ಅಂತ ಗಡಿಯಾರ ತೋರಿಸಿದರೆ ಸಾಕು, ನನಗೆ ಕಾಫಿ ನೆನಪಾಗುತ್ತದೆ. ಫಿಲ್ಟರ್‌ಗೆ ಪುಡಿ ಹಾಕಿ, ಒತ್ತಿ, ಕುದಿಯೋ ನೀರು ಸುರಿದು, ಡಿಕಾಕ್ಷನ್ ಇಳಿಯೋದನ್ನೇ ನೋಡುತ್ತಾ ನಿಲ್ಲುತ್ತೇನೆ. ಅಷ್ಟರಲ್ಲಿ ಹಾಲ್‌ನಿಂದ ಕಾಮೆಂಟರಿಯವನ ಕೂಗು ಕೇಳಿಸುತ್ತದೆ. ಗೋಲ್ ಆಯ್ತು ಅಂತ ಅರ್ಥ. ಆಮೇಲೆ ಲೋಟ ಹಿಡಿದು ವಾಪಸ್ ಬಂದು ಕೂರುತ್ತೇನೆ.

2010ರ ಫೆಬ್ರವರಿ 28. ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್‌ನ ಕೊನೇ ದಿನ, ಕೊನೇ ಪಂದ್ಯ. ಗಂಡಸರ ಐಸ್ ಹಾಕಿ ಫೈನಲ್, ಕೆನಡಾ ಮತ್ತು ಅಮೆರಿಕ. 24 ಸೆಕೆಂಡ್ ಉಳಿದಿದ್ದಾಗ ಅಮೆರಿಕದ ಜ್ಯಾಕ್ ಪರೀಸೆ ಗೋಲ್ ಹೊಡೆದು ಸ್ಕೋರ್ 2-2 ಮಾಡುತ್ತಾನೆ. ಕೊನೆಗೆ ಕೆನಡಾನೇ ಗೆಲ್ಲುತ್ತದೆ, ಅದೂ ನನಗೆ ಗೊತ್ತು. ಗೊತ್ತಿದ್ದೂ ಆ 24 ಸೆಕೆಂಡ್ ಕೂತು ನೋಡೋಕೆ ನನ್ನ ಕೈಲಾಗಲ್ಲ.

ನಾನು ಸೋಮವಾರಪೇಟೆಯವನು. ಕೊಡಗಿನಲ್ಲಿ ಬೆಳೆದವರಿಗೆ ಹಾಕಿ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮಣ್ಣಿನ ಮೈದಾನದಲ್ಲಿ, ಮೊಣಕಾಲು ತರಚಿಕೊಂಡು ಆಡಿದವರು ನಾವು. ಅದೇ ಜಂಬದಲ್ಲಿ 2009ರಲ್ಲಿ ಟೊರಾಂಟೊಗೆ ಬಂದೆ. ಆಫೀಸಿನಲ್ಲಿ ಯಾರೋ ಸ್ಪೋರ್ಟ್ಸ್ ವಿಚಾರ ತೆಗೆದಾಗ, ನಾನೂ ಹಾಕಿ ಆಡಿದ್ದೇನೆ ಅಂದೆ. ಅವರು ಖುಷಿಯಾಗಿ, ಸ್ಕೇಟ್ಸ್ ಯಾವ ಸೈಜ್ ಅಂತ ಕೇಳಿದರು. ಇಲ್ಲಿ ಸುಮ್ನೆ ಹಾಕಿ ಅಂದರೆ ಐಸ್ ಮೇಲಿನದ್ದು. ನಮ್ಮದನ್ನು ಫೀಲ್ಡ್ ಹಾಕಿ ಅಂತ ಬಿಡಿಸಿ ಹೇಳಬೇಕು. ಮೊದಮೊದಲು ಸಿಟ್ಟೇ ಬರುತ್ತಿತ್ತು.

ಫೈನಲ್ ದಿನ ನಾನಿದ್ದದ್ದು ಸ್ಕಾರ್ಬರೋದ ಒಂದು ಬೇಸ್‌ಮೆಂಟ್ ಬಾಡಿಗೆ ರೂಮಿನಲ್ಲಿ. ಮೇಲಿನ ಮನೆಯ ಓನರ್ ಪಂಜಾಬಿನವರು. ಮಧ್ಯಾಹ್ನ ಬಾಗಿಲು ತಟ್ಟಿ, ಮ್ಯಾಚ್ ದಿನ ಯಾರಾದರೂ ಒಬ್ಬರೇ ಕೂರ್ತಾರಾ, ಮೇಲೆ ಬಾ ಅಂದರು. ಹೋದರೆ ಸೋಫಾ, ನೆಲ, ಮೆಟ್ಟಿಲು ಎಲ್ಲಾ ಕಡೆ ಜನ. ಪಕೋಡ ಕರಿಯುತ್ತಿದ್ದ ಆಂಟಿಗೂ ಆಟಗಾರರ ನಂಬರ್ ಬಾಯಿಪಾಠ. ನನ್ನೊಬ್ಬನಿಗೇ ಏನೂ ಗೊತ್ತಿರಲಿಲ್ಲ.

ಒಂದು ವಾರದ ಹಿಂದೆ, 21ನೇ ತಾರೀಕು, ಇದೇ ಅಮೆರಿಕ ಇದೇ ರಿಂಕ್‌ನಲ್ಲಿ ಕೆನಡಾವನ್ನು 5-3ರಿಂದ ಸೋಲಿಸಿತ್ತು. ಅದಾದ ಮೇಲೆ ಕೆನಡಾದವರು ಗೋಲಿಯನ್ನೇ ಬದಲಾಯಿಸಿದ್ದರು. ಬ್ರೊಡೂರ್ ಹೋಗಿ ಲುವಾಂಗೊ ಬಂದಿದ್ದ. (ಇಲ್ಲಿ ಗೋಲ್‌ಕೀಪರ್‌ಗೆ ಗೋಲಿ ಅಂತಾರೆ. ನಾವು ಮಣ್ಣಲ್ಲಿ ಆಡ್ತಿದ್ದ ಗೋಲಿ ಅಲ್ಲ!) ಹಾಗಾಗಿ ಆ ಮನೆಯಲ್ಲಿ ಭಯ ಜಾಸ್ತಿ, ಮಾತು ಕಡಿಮೆ.

ಕೆನಡಾದ ಟೇವ್ಸ್ ಒಂದು ಗೋಲ್, ಪೆರ್ರಿ ಇನ್ನೊಂದು. 2-0. ಆಮೇಲೆ ಅಮೆರಿಕದ ಕೆಸ್ಲರ್ ಒಂದು. 2-1ರಲ್ಲೇ ಮೂರನೇ ಪೀರಿಯಡ್ ಕೊನೆಗೆ ಬಂತು. ಅಮೆರಿಕ ತನ್ನ ಗೋಲಿಯನ್ನು ಹೊರಗೆ ಕರೆದು, ಅವನ ಬದಲು ಒಬ್ಬ ಆಟಗಾರನನ್ನು ಹೆಚ್ಚಿಗೆ ಇಳಿಸಿತು. ಹಿಂದೆ ನೆಟ್ ಖಾಲಿ. ಏನು ಹುಚ್ಚಾಟ ಅಂದುಕೊಂಡೆ. ಅವರ ಕೇನ್ ಹೊಡೆದದ್ದು ಯಾರಿಗೋ ತಗುಲಿ, ಲುವಾಂಗೊ ತಡೆದು, ಚಿಮ್ಮಿದ ಪಕ್ (ಇಲ್ಲಿ ಚೆಂಡಿನ ಬದಲು ಇರೋ ಬಿಲ್ಲೆ) ಪರೀಸೆಯ ಮುಂದೆ ಬಿತ್ತು. ಅಷ್ಟೇ. ಅಷ್ಟು ಜನ ತುಂಬಿದ ಮನೆಯಲ್ಲಿ ಬಾಣಲೆಯ ಎಣ್ಣೆ ಸದ್ದು ಮಾತ್ರ ಕೇಳಿಸುತ್ತಿತ್ತು.

ಓವರ್‌ಟೈಮ್‌ನಲ್ಲಿ ಗೋಲಿಗಳನ್ನು ಬಿಟ್ಟರೆ ನಾಲ್ಕು ಜನಕ್ಕೆ ನಾಲ್ಕು ಜನ. ಮೊದಲು ಗೋಲ್ ಹೊಡೆದವರಿಗೆ ಚಿನ್ನ, ಅಲ್ಲಿಗೆ ಆಟ ಮುಗೀತು. 7 ನಿಮಿಷ 40 ಸೆಕೆಂಡ್ ಆಗಿತ್ತು. ಇದ್ದಕ್ಕಿದ್ದ ಹಾಗೆ ಎಲ್ಲರೂ ಎದ್ದು ಕಿರುಚಿದರು. ಯಾರದೋ ಮೊಣಕೈ ನನ್ನ ಕಿವಿಗೆ ಬಡಿಯಿತು. ಯಾರೋ ಅಪ್ಪಿಕೊಂಡರು. ನಾನೂ ಕಿರುಚಿದೆ. ಆದರೆ ನಿಜ ಹೇಳಬೇಕು ಅಂದರೆ ನನಗೆ ಗೋಲ್ ಕಾಣಿಸಲೇ ಇಲ್ಲ. ಪಕ್ ಅಂದರೆ ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಕಪ್ಪು ರಬ್ಬರ್ ಬಿಲ್ಲೆ. ಪುಟಿಯದಿರಲಿ ಅಂತ ಮೊದಲೇ ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿರುತ್ತಾರೆ. ಬಿಳೀ ಚೆಂಡಿಗೆ ಪಳಗಿದ ಕಣ್ಣಿಗೆ ಅದು ಸಿಗೋದೇ ಇಲ್ಲ.

ಹೊರಗೆ ಬೀದಿ ತುಂಬಾ ಹಾರ್ನ್. ಆರೂವರೆಗೆ ಕಾಲಿಂಗ್ ಕಾರ್ಡ್ ಹಾಕಿ ಊರಿಗೆ ಫೋನ್ ಮಾಡಿದೆ. ಅಲ್ಲಿ ಸೋಮವಾರ ಬೆಳಗ್ಗೆ ಐದು ಗಂಟೆ. ಅಪ್ಪ ಆಗಲೇ ಎದ್ದಿದ್ದರು.

"ಅಪ್ಪ, ಹಾಕಿ ಗೆದ್ವಿ!" ಅಂದೆ.

"ಹೂಂ ಕಣೋ, ರಾತ್ರಿ ಪೂರ್ತಿ ನೋಡಿದೆ. ನಾಲ್ಕು-ಒಂದು!"

"ನಾಲ್ಕು-ಒಂದಲ್ಲ ಅಪ್ಪ, ಮೂರು-ಎರಡು. ಓವರ್‌ಟೈಮ್‌ನಲ್ಲಿ."

"ಯಾವ ಓವರ್‌ಟೈಮೋ? ಪಾಕಿಸ್ತಾನಕ್ಕೆ ಉಸಿರಾಡೋಕೂ ಬಿಡಲಿಲ್ಲ ನಮ್ಮೋರು. ನಿಂಗೆ ಅಲ್ಲಿ ಸರಿಯಾಗಿ ಸುದ್ದಿ ಬರಲ್ವಾ?"

ದೆಹಲಿಯಲ್ಲಿ ಹಾಕಿ ವಿಶ್ವಕಪ್ ಶುರುವಾದದ್ದೂ ಅದೇ ಫೆಬ್ರವರಿ 28ಕ್ಕೆ. ಮೊದಲ ದಿನವೇ ಭಾರತ ಪಾಕಿಸ್ತಾನವನ್ನು 4-1ರಿಂದ ಸೋಲಿಸಿತ್ತು. ನಮ್ಮೂರಿನ ಅರ್ಜುನ್ ಹಾಲಪ್ಪ ಆ ತಂಡದಲ್ಲಿದ್ದರು. ನಾನು ಅದನ್ನು ಪೂರಾ ಮರೆತೇಬಿಟ್ಟಿದ್ದೆ. ಅಪ್ಪನಿಗೆ ಹಾಗಂತ ಹೇಳೋ ಧೈರ್ಯ ಬರಲಿಲ್ಲ. "ಹೌದೌದು, ನಾಲ್ಕು-ಒಂದು" ಅಂದು ಫೋನಿಟ್ಟೆ. 'ಗೆದ್ವಿ' ಅಂತ ಯಾರ ಪರವಾಗಿ ಹೇಳಿದೆ ಅಂತ ಆಮೇಲೆ ನನಗೇ ನಾಚಿಕೆಯಾಯಿತು. ಬಂದು ಆರು ತಿಂಗಳೂ ಆಗಿರಲಿಲ್ಲ.

ಕಾಣಿಸದ ಆ ಗೋಲ್‌ಗಾಗಿಯೇ ಮ್ಯಾಚ್ ಮತ್ತೆ ನೋಡಲು ಶುರು ಮಾಡಿದ್ದು. ಒಂದೊಂದು ಸಲ ಒಂದೊಂದು ಸಿಕ್ಕಿತು. ಪಕ್ ಮೂಲೆಗೆ ಬಂದಾಗ ರೆಫರಿಯ ಕಾಲಿಗೆ ತಗುಲಿ ನಿಧಾನವಾಗುತ್ತದೆ. ಕೆನಡಾದ ಕ್ರಾಸ್ಬಿ ಅದನ್ನು ಗೋಡೆ ಬದಿಯಲ್ಲಿದ್ದ ತನ್ನ ತಂಡದ ಇಗಿನ್ಲಾಗೆ ತಳ್ಳಿ, ತಾನು ನೆಟ್ ಕಡೆ ತಿರುಗುತ್ತಾನೆ. "ಇಗ್ಗೀ!" ಅಂತ ಕೂಗುತ್ತಾನೆ. ಇಗಿನ್ಲಾ ಮೈಮೇಲೆ ಅಮೆರಿಕದ ಸೂಟರ್ ಬಿದ್ದಿರುತ್ತಾನೆ. ಇಗಿನ್ಲಾ ಬೀಳುತ್ತಾ ಬೀಳುತ್ತಾನೇ ಪಾಸ್ ಕೊಡುತ್ತಾನೆ. ಗೋಲ್ ಹೊಡೆದ ಕ್ರಾಸ್ಬಿಗಿಂತ ಆ ಪಾಸ್ ಕೊಟ್ಟವನೇ ದೊಡ್ಡವನು ಅನ್ನೋದು ನನ್ನ ಅಭಿಪ್ರಾಯ. ಇಲ್ಲಿ ಹಾಗಂದರೆ ಜಗಳಕ್ಕೇ ಬರುತ್ತಾರೆ, ಅದು ಬೇರೆ ಮಾತು. ಖುಷಿಯಲ್ಲಿ ಕ್ರಾಸ್ಬಿ ಎಸೆದ ಸ್ಟಿಕ್ ಮತ್ತು ಗ್ಲೌಸ್ ಕಾಣೆಯಾಗಿ ಆಗ ದೊಡ್ಡ ಸುದ್ದಿಯಾಗಿತ್ತು. ಕೊನೆಗೆ ಸ್ಟಿಕ್ ರಷ್ಯಾಕ್ಕೆ ಹೊರಟಿದ್ದ ಸಾಮಾನಿನಲ್ಲಿ ಸಿಕ್ಕಿತು, ಗ್ಲೌಸ್ ತಂಡದವನದೇ ಬ್ಯಾಗಿನಲ್ಲಿ!

ಈ ಚಳಿಗಾಲದಲ್ಲಿ ಮೊದಲ ಸಲ ಮಗಳ ಜೊತೆ ಕೂತು ನೋಡಿದೆ. ಅವಳಿಗೆ ಹನ್ನೊಂದು. ನಾವೀಗ ಮಿಸ್ಸಿಸಾಗಾದಲ್ಲಿದ್ದೇವೆ. ಅವಳು ಇಲ್ಲಿನ ಮಕ್ಕಳ ಲೀಗ್‌ನಲ್ಲಿ ಗೋಲಿ. ಶನಿವಾರ ಬೆಳಗ್ಗೆ ಆರಕ್ಕೆ ಅವಳ ಪ್ಯಾಡ್ ಕಟ್ಟಿ ಕಟ್ಟಿ ನನ್ನ ಸೊಂಟ ಬಿದ್ದುಹೋಗಿದೆ. ಯಾರು ಗೆದ್ದರು ಅಂತ ಅವಳಿಗೆ ಹೇಳಿರಲಿಲ್ಲ.

ಮೂರನೇ ಪೀರಿಯಡ್‌ನಲ್ಲಿ ಒಂದು ನಿಮಿಷ ಉಳಿಯಿತು. ಎಂದಿನಂತೆ ಎದ್ದೆ. ಫಿಲ್ಟರ್‌ಗೆ ನೀರು ಸುರಿದು ಕಾದೆ. ಹಾಲ್ ಕಡೆಯಿಂದ ಕೂಗಿಲ್ಲ. ಇನ್ನೂ ಕಾದೆ. ಡಿಕಾಕ್ಷನ್ ಪೂರ್ತಿ ಇಳಿಯಿತು. ಆಮೇಲೆ ಅವಳ ದನಿ ಬಂತು:

"ಅಪ್ಪಾ, ಬೇಗ ಬಾ. ನೀನು ಮಿಸ್ ಮಾಡ್ಕೊಳ್ತೀಯಾ ಅಂತ ಪಾಜ್ ಮಾಡಿ ಇಟ್ಟಿದ್ದೀನಿ."

ಪರದೆ ಮೇಲೆ ಗಡಿಯಾರ ಅಲ್ಲಾಡದೆ ನಿಂತಿತ್ತು. ಬೇರೆ ದಾರಿ ಇರಲಿಲ್ಲ. ಹದಿನೈದು ವರ್ಷ ತಪ್ಪಿಸಿಕೊಂಡದ್ದನ್ನು ಅವಳ ಪಕ್ಕ ಕೂತು ಪೂರ್ತಿ ನೋಡಿದೆ. ಗೋಲ್ ಆದಾಗ ಅವಳು ದಿಂಬನ್ನು ಮುಖಕ್ಕೆ ಒತ್ತಿಕೊಂಡಳು. ನನ್ನ ಕಾಫಿ ಅರ್ಧ ಕಾರ್ಪೆಟ್ ಮೇಲೆ.

ಓವರ್‌ಟೈಮ್ ಬಂತು. ನಾನು "ಕ್ರಾಸ್ಬೀನ ನೋಡು, ಈಗ ಕ್ರಾಸ್ಬೀನ ನೋಡು" ಅಂತ ಪಿಸುಗುಟ್ಟಿದೆ. ಅವಳು ಅವನನ್ನು ನೋಡುತ್ತಲೇ ಇರಲಿಲ್ಲ. ಗೋಲ್ ಆಯಿತು. ಕೆನಡಾ ಗೆದ್ದಿತು. ಅವಳು ಕುಣಿಯಲಿಲ್ಲ. ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಹಾಕಿದಳು.

"ಇಲ್ಲಿ ನೋಡು. ಮಿಲ್ಲರ್ ಸ್ಟಿಕ್ ಚಾಚಿ ಪಕ್ ತಳ್ಳೋಕೆ ಹೋದ. ಅದಕ್ಕೇ ಕಾಲ ಮಧ್ಯೆ ಜಾಗ ಆಯ್ತು."

ಇಷ್ಟು ಸಲ ನೋಡಿದ್ದರೂ ಗೋಲ್ ಹೇಗೆ ಒಳಗೆ ಹೋಯಿತು ಅನ್ನೋದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಮೆರಿಕದ ಗೋಲಿ ರಯಾನ್ ಮಿಲ್ಲರ್‌ಗೆ ಆ ಟೂರ್ನಿಯ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಂದಿತ್ತು, ಸೋತ ಮೇಲೂ. ಹಾಗಂತ ಮಗಳಿಗೆ ಹೇಳಿದೆ.

"ಅದನ್ನ ಇಟ್ಕೊಂಡು ಏನ್ಮಾಡ್ತಾನೆ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಾನೂ ಹಾಗೇ ಚಾಚ್ತಿದ್ದೆ ಅನ್ಸುತ್ತೆ" ಅಂದಳು.

ಅವಳು ಮಲಗಿದ ಮೇಲೆ ಕಾರ್ಪೆಟ್ ಒರೆಸಿ, ಓವರ್‌ಟೈಮ್ ಇನ್ನೊಂದು ಸಲ ಹಾಕಿದೆ. ಈ ಸಲ ಮಿಲ್ಲರ್‌ನ ಮೇಲಿಂದ ಕಣ್ಣು ತೆಗೆಯಲಿಲ್ಲ.